ಸುಜಾತಾಳಿಗೆ ಹತ್ತಕ್ಕೆ ಹತ್ತು

ಎರಡು ವರ್ಷದ ಹಿಂದೆ ನಾನು ಗರುಡಾಚಾರ್‌ಪಾಳ್ಯದ ಒಂದು ಕಾಲ್ ಸೆಂಟರಿನಲ್ಲಿ ಇಂಗ್ಲಿಷ್ ಟ್ರೈನರ್ ಆಗಿದ್ದೆ. ಶಾಲೆಯಿಂದ ನಿವೃತ್ತನಾದ ಮೇಲೆ ಹಿಡಿದ ಕೆಲಸ. ಬ್ಯಾಚಿನಲ್ಲಿ ಹನ್ನೆರಡು ಜನ. ಎಲ್ಲರೂ ಪ್ರೊಬೇಷನ್‌ನಲ್ಲಿದ್ದವರು, ಅಂದರೆ ಕೆಲಸ ಇನ್ನೂ ಖಾಯಂ ಆಗದವರು.

ಆ ವಾರದ ಪಾಠ ಜಗಳದ ಫ್ರೇಸಲ್ ವರ್ಬ್‌ಗಳು, ಅಂದರೆ ಎರಡು ಮೂರು ಪದ ಸೇರಿ ಒಂದೇ ಅರ್ಥ ಕೊಡುವ ಕ್ರಿಯಾಪದಗಳು. ‘ಸ್ಟ್ಯಾಂಡ್ ಅಪ್ ಟು’ ಎಂದರೆ ಜೋರು ಮಾಡುವವರಿಗೆ ಎದುರು ನಿಲ್ಲುವುದು, ‘ಬ್ಯಾಕ್ ಡೌನ್’ ಎಂದರೆ ಹಿಂದೆ ಸರಿಯುವುದು. ಪುಸ್ತಕದ ಉದಾಹರಣೆಗಳನ್ನು ಕಂಡರೆ ನನಗಾಗದು. “ನಿಮ್ಮ ಜೀವನದಿಂದಲೇ ಬರೀರಿ, ಆಗ ಮರೆಯಲ್ಲ” ಎಂದೆ. ಆ ವಿಧಾನದ ಬಗ್ಗೆ ನನಗೆ ಭಾರಿ ಜಂಬವಿತ್ತು.

ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ ಬದಲಿಸಿ ಬರುತ್ತಿದ್ದ ಸುಜಾತಾ ಆ ಹನ್ನೆರಡು ಜನರಲ್ಲಿ ಒಬ್ಬಳು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಕೆಲಸ ಖಾಯಂ ಆಗಲು ಮೂರೇ ವಾರ ಬಾಕಿ. ತಾನು ಟಾಯ್ಲೆಟ್ಟಿಗೆ ಹೋದ ನಿಮಿಷಗಳನ್ನು ಟೀಮ್ ಲೀಡರ್ ಹೆಸರು ಸಮೇತ ಬೋರ್ಡಿನ ಮೇಲೆ ಹಾಕುತ್ತಾನೆ, ಸೋಮವಾರ ಅವನಿಗೆ ಎದುರು ನಿಲ್ಲುತ್ತೇನೆ, ಹಿಂದೆ ಸರಿಯುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಒಂದು ತಪ್ಪೂ ಇರಲಿಲ್ಲ. ಹತ್ತಕ್ಕೆ ಹತ್ತು ಕೊಟ್ಟೆ.

ಶುಕ್ರವಾರ ಮ್ಯಾನೇಜರ್ ನೋಟ್‌ಬುಕ್‌ಗಳನ್ನು ತರಿಸಿಕೊಂಡರು. ಸುಜಾತಾಳ ಪುಟ ಓದಿ, “ಇದು ಸುಮ್ನೆ ಎಕ್ಸಾಂಪಲ್ಲಾ, ನಿಜಾನಾ?” ಎಂದರು.

“ನಿಜಾನೇ ಸಾರ್. ನಾನು ಬರೆಸೋದೇ ಹಾಗೆ” ಎಂದೆ, ಎದೆಯುಬ್ಬಿಸಿ. ಸುಮ್ಮನೆ ಉದಾಹರಣೆ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಸೋಮವಾರ ಅವಳು ಬಾಯಿ ತೆರೆಯುವ ಮೊದಲೇ ಮೀಟಿಂಗ್ ರೂಮಿಗೆ ಕರೆದರು. ನನ್ನನ್ನೂ ಕೂರಿಸಿದರು. ಮ್ಯಾನೇಜರ್ ಅವಳ ವಾಕ್ಯಗಳನ್ನು ಗಟ್ಟಿಯಾಗಿ ಓದಿದರು. ಟೀಮ್ ಲೀಡರ್ ಕಿಸಕ್ಕನೆ ನಕ್ಕ.

“ಇಂಗ್ಲಿಷ್ ಚೆನ್ನಾಗಿದೆ ಕಣಮ್ಮ. ಬೇರೆ ಕಡೆ ಬೇಗ ಕೆಲ್ಸ ಸಿಗುತ್ತೆ. ಐಡಿ ಕಾರ್ಡ್ ಇಲ್ಲಿಟ್ಟು ಹೋಗು” ಎಂದರು ಮ್ಯಾನೇಜರ್.

ಸುಜಾತಾ ನನ್ನ ಕಡೆ ತಿರುಗಿದಳು. “ಸಾರ್, ಕ್ಲಾಸಿಗೆ ಬರ್ದಿದ್ದು ಅಂತ ಹೇಳಿ ಸಾರ್. ನೀವೇ ತಾನೇ ಬರೀರಿ ಅಂದಿದ್ದು?”

ಮುಂದಿನ ಬ್ಯಾಚಿನ ನನ್ನ ಗುತ್ತಿಗೆ ಪತ್ರ ಅದೇ ಮೇಜಿನ ಮೇಲಿತ್ತು, ಮ್ಯಾನೇಜರ ಸಹಿ ಇನ್ನೂ ಬಿದ್ದಿರಲಿಲ್ಲ. ನಾನು ಆ ಪತ್ರವನ್ನೇ ನೋಡುತ್ತಾ ಕೂತೆ. ಅವಳು ಕೊರಳಿನ ಕಾರ್ಡ್ ತೆಗೆದು, ಮ್ಯಾನೇಜರ ಮುಂದಲ್ಲ, ನನ್ನ ಮುಂದಿಟ್ಟು ಹೋದಳು.

ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಆ ಪತ್ರಕ್ಕೆ ಸಹಿ ಬಿದ್ದಾಗ “ಥ್ಯಾಂಕ್ಯೂ ಸಾರ್” ಎಂದೆ. ಎದುರು ನಿಲ್ಲುವುದನ್ನು ಕಲಿಸುವವನಿಗೆ ಧೈರ್ಯ ಇರಲೇಬೇಕೆಂದೇನೂ ಇಲ್ಲ, ಸಂಬಳ ಬಂದರೆ ಸಾಕು. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ.