ಇಪ್ಪತ್ತೆರಡನೆಯ ಅಧ್ಯಾಯ

ಈ ಕಾದಂಬರಿಯ ಕೊನೆ ನನ್ನದಲ್ಲ.

ಮುನ್ನುಡಿಯ ಮೊದಲ ಸಾಲಿನಲ್ಲೇ ಲೇಖಕ ಹೀಗೆ ಹೇಳುವುದು ಸಂಪ್ರದಾಯವಲ್ಲ, ಬಲ್ಲೆ. ಮೊದಲು ಗುರುಹಿರಿಯರಿಗೆ ವಂದಿಸಬೇಕು, ಆಮೇಲೆ ಹೆಂಡತಿಯ ಸಹನೆಯನ್ನು ಕೊಂಡಾಡಬೇಕು, ಕಡೆಗೆ ‘ಅಂದವಾದ ಮುದ್ರಣ’ಕ್ಕಾಗಿ ಮುದ್ರಕರನ್ನು ನೆನೆದು, ಊರು ತಿಥಿ ಬರೆದು ಎದ್ದುಹೋಗಬೇಕು. ಎಂಟು ಪುಸ್ತಕಗಳಲ್ಲಿ ನಾನೂ ಹಾಗೆಯೇ ಎದ್ದುಹೋದವನು. ಆದರೆ ಈ ಪುಸ್ತಕದ ಮುದ್ರಣದ ಬಗ್ಗೆ ಹೇಳಬೇಕಾದ ಮಾತು — ಹದಿಮೂರು ವರ್ಷ ಗಂಟಲಲ್ಲೇ ಕೂತ ಮಾತು — ಅಂದಚೆಂದದ್ದಲ್ಲ. ಕೊನೆಯ ನಾಲ್ಕು ಪುಟ ತೆಗೆದು ಈ ಕಾದಂಬರಿಗೆ ಅದರ ಕೊನೆಯನ್ನು ಕೊಟ್ಟವನು ಈರಪ್ಪ. ಹೆಬ್ಬಳ್ಳಿಯವನು, ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವನು. ನನ್ನ ಒಪ್ಪಿಗೆ ಪಡೆದೇ ತೆಗೆದ. ಒಪ್ಪಿಗೆ ಕೊಟ್ಟೇ ಇಲ್ಲ ಎಂದು ನಾನು ಎಲ್ಲರೆದುರು ಹೇಳಿದೆ. ಅವನ ಕೆಲಸ ಹೋಯಿತು. ನನಗೆ ಪ್ರಶಸ್ತಿ ಬಂತು.

ಇಷ್ಟೇ ವಿಷಯ. ಉಳಿದದ್ದು — ಉಳಿದದ್ದನ್ನು ಹೇಳದೆ ಇಲ್ಲಿಗೇ ನಿಲ್ಲಿಸಿದರೆ ಅದೂ ಒಂದು ಜಾಣತನವಾದೀತು. ಜಾಣತನ ಸಾಕಷ್ಟು ಆಗಿದೆ.

ಹೊಸ ಆವೃತ್ತಿ ತರುತ್ತಿರುವ ನನ್ನ ಪ್ರಕಾಶಕರು ಕೇಳಿದ್ದು ಬೇರೆಯೇ. “ಮುನ್ನುಡಿಗೆ ಅಂತ ನಾಕು ಪುಟ ಇಟ್ಟೀನ್ರಿ. ಮುಂಜಾನೆ ಎಷ್ಟಕ್ಕ ಏಳ್ತೀರಿ, ಈಗ ಏನು ಬರಿಯಾಕತ್ತೀರಿ, ಹೊಸಾ ಹವ್ಯಾಸ ಏನು — ಓದೋ ಮಂದಿಗೆ ಇದೆಲ್ಲಾ ಬೇಕಾಗ್ತೈತ್ರಿ. ಮತ್ತ ಆ ಕಡೀ ದೃಶ್ಯ ನಿಮಗ ಹೆಂಗ ಹೊಳೀತು ಅನ್ನೋದು ಎರಡು ಮಾತು.” ಅವರ ಮನಸ್ಸು ನೋಯಿಸಬಾರದು. ಒಂದೊಂದಾಗಿ ಹೇಳುತ್ತೇನೆ.

ನಸುಕಿನ ಐದಕ್ಕೆ ಏಳುತ್ತೇನೆ. ಇದಕ್ಕೆ ಸಾಹಿತ್ಯಿಕ ಕಾರಣವೇನೂ ಇಲ್ಲ. ಮಾಳಮಡ್ಡಿಯ ನಮ್ಮ ಓಣಿಗೆ ನಳದ ನೀರು ಬಂದರೆ ಆ ಹೊತ್ತಿಗೆ ಬರುತ್ತದೆ, ಯಾವ ದಿನ ಬರುತ್ತದೆಂಬುದು ಯಾರಿಗೂ ತಿಳಿದಿಲ್ಲ, ಆದ್ದರಿಂದ ದಿನವೂ ಏಳಬೇಕು. ಎಂಟರಿಂದ ಹನ್ನೊಂದರವರೆಗೆ ಬರೆಯುತ್ತೇನೆ — ಅಂದರೆ ಮೇಜಿನ ಮುಂದೆ ಕೂತಿರುತ್ತೇನೆ. ಸುದ್ದಿ ಎಂದರೆ, ನನ್ನ ಒಂದು ಕಾದಂಬರಿ ಮರಾಠಿಗೆ ಹೋಗುತ್ತಿದೆ. ಇನ್ನೊಂದು ಹೊಸದು ಮುಗಿಯುತ್ತ ಬಂದಿದೆ. ಹನ್ನೊಂದು ತಿಂಗಳಿಂದ ಮುಗಿಯುತ್ತಲೇ ಬಂದಿದೆ. ಕೊನೆಯ ಅಧ್ಯಾಯ ಒಂದೇ ಬಾಕಿ. ಅದು ಬರುತ್ತಿಲ್ಲ. ಯಾಕೆ ಬರುತ್ತಿಲ್ಲವೆಂದು ನನಗೆ ಗೊತ್ತು.

ಹೊಸ ಹುಚ್ಚು ಕಂಪ್ಯೂಟರಿನದು. ಅರವತ್ತೆರಡನೆಯ ವಯಸ್ಸಿನಲ್ಲಿ ಒಂದೇ ಬೆರಳಿನಿಂದ ಕನ್ನಡ ಟೈಪು ಮಾಡಲು ಕಲಿತಿದ್ದೇನೆ. ಮೊದಲ ವಾರವೇ, ಏನು ಒತ್ತಿದೆನೋ, ಒಂದಿಡೀ ಅಧ್ಯಾಯ ಕಣ್ಣೆದುರೇ ಮಾಯವಾಯಿತು. ನಾನು ಕೂಗಿಕೊಂಡಾಗ ಸೊಸೆ ಬಂದು ಎರಡು ಕೀಲಿ ಒತ್ತಿದಳು. ಹೋದದ್ದು ಹೋದಲ್ಲೇ ಮರಳಿ ಬಂದು ಕೂತಿತು. “ಇಷ್ಟಽ ರೀ, ಮಾವಾರ” ಎಂದಳು. ಅವಳು ಒಳಗೆ ಹೋದ ಮೇಲೂ ಬಹಳ ಹೊತ್ತು ಆ ಎರಡು ಕೀಲಿಗಳನ್ನೇ ನೋಡುತ್ತ ಕೂತೆ.

ಇನ್ನು, ಕೊನೆಯ ದೃಶ್ಯ ಹೊಳೆದ ಬಗೆ.

ಆಗ ನಾನು ಶಾಲಾ ಮಾಸ್ತರ. ಬರೆದದ್ದನ್ನು ಎರಡೆರಡು ಅಧ್ಯಾಯವಾಗಿ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ, ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿದ್ದ ಮುದ್ರಣಾಲಯಕ್ಕೆ ಕೊಟ್ಟು ಬರುತ್ತಿದ್ದೆ. ಈರಪ್ಪ ಒಂದೊಂದೇ ಸೀಸದ ಅಕ್ಷರ ಹೆಕ್ಕಿ ಸಾಲು ಕಟ್ಟುತ್ತಿದ್ದ. ಮೊಳೆಯಲ್ಲಿ ಅಕ್ಷರ ಉಲ್ಟಾ ಇರುತ್ತದೆ. ಹೀಗಾಗಿ ನನ್ನ ಕಾದಂಬರಿಯ ಮೊದಲ ಓದುಗ ಅದನ್ನು ಹಿಂದುಮುಂದಾಗಿ ಓದಿದವನು. ನೆಟ್ಟಗೆ ಓದಿದ ಯಾವ ವಿಮರ್ಶಕನಿಗೂ ಅಷ್ಟು ತಿಳಿಯಲಿಲ್ಲ.

ಕಥೆ ನಿಮಗೆ ಗೊತ್ತಿದೆ. ಈಗ ತಾನೇ ಕೈಗೆತ್ತಿಕೊಂಡವರಿಗಾಗಿ ಹೇಳುತ್ತೇನೆ. ನೀಲವ್ವನ ಅಣ್ಣ ಅವಳಿಂದ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು, ಅವಳ ಪಾಲಿನ ಹೊಲವನ್ನು ತನ್ನದು ಮಾಡಿಕೊಳ್ಳುತ್ತಾನೆ. ನಂಬಿದ ಅಣ್ಣ. ವರ್ಷಗಳ ಮೇಲೆ ಅವನೇ ಬಂದು ಅವಳ ಅಂಗಳದಲ್ಲಿ ನಿಂತು ನೀರು ಕೇಳುತ್ತಾನೆ.

“ಸರ, ಈ ನೀಲವ್ವನ ಅಣ್ಣ ಭಾಳ ಹಲ್ಕಟ್ ಅದಾನ್ರಿ” ಎನ್ನುತ್ತಿದ್ದ ಈರಪ್ಪ. “ಅವನ ಹೆಸರು ಜೋಡಸಬೇಕಾದ್ರ ಮೊಳಿ ಎತ್ತಿ ಒಗೀಬೇಕು ಅನಸತೈತಿ, ಸಿಟ್ಟೀಲೆ.”

ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ನೀಲವ್ವ ತಂಬಿಗೆ ತುಂಬ ನೀರು ತಂದು ಕಟ್ಟೆಯ ಮೇಲಿಟ್ಟು, ಮಾತಾಡದೆ ಒಳಗೆ ಹೋಗುತ್ತಾಳೆ. ಅದನ್ನು ಜೋಡಿಸಿ ಮುಗಿಸಿದ ದಿನ ಈರಪ್ಪ ಕೈ ಒರೆಸಿಕೊಳ್ಳುತ್ತ, “ಮುಗೀತಲ್ರಿ, ಸರ?” ಎಂದ.

“ಇನ್ನೂ ಒಂದು ಅಧ್ಯಾಯ ಅದ, ಈರಪ್ಪ.”

“ಹೌದೇನ್ರಿ?” ಎಂದ, ಅಷ್ಟೇ.

ಆ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಅಣ್ಣ ಕಾಲಿಗೆ ಬೀಳುತ್ತಾನೆ, ತಂಗಿ ಕಣ್ಣೊರೆಸುತ್ತಾಳೆ, ಇಬ್ಬರೂ ಹೋಳಿಗೆ ಉಣ್ಣುತ್ತಾರೆ, ಕ್ಷಮೆಯ ಮಹತ್ವವನ್ನು ಕುರಿತು ಲೇಖಕ ಒಂದೂವರೆ ಪುಟ ಉಪನ್ಯಾಸ ಕೊಡುತ್ತಾನೆ. ಬರೆದ ದಿನ ನಾನೇ ಅತ್ತಿದ್ದೆ. ನನ್ನ ಬರವಣಿಗೆಗೆ ನಾನು ಅತ್ತದ್ದು ಅದೇ ಮೊದಲಲ್ಲ, ಆದರೂ.

ಪುಸ್ತಕ ಹದಿನಾರು ಪುಟಗಳ ಒಂದೊಂದು ಫಾರ್ಮಿನಲ್ಲಿ ಅಚ್ಚಾಗುತ್ತದೆ. ಲೆಕ್ಕ ಫಾರ್ಮಿಗೆ ಸರಿಹೊಂದದಿದ್ದರೆ ಲೇಖಕ ನಾಲ್ಕು ಸಾಲು ಬೆಳೆಸುವುದೋ ಕಡಿಯುವುದೋ ಅಂದಿನ ರೂಢಿ. ಒಂದು ರವಿವಾರ ಮುಂಜಾನೆ ಪಕ್ಕದ ಮನೆಯ ಫೋನಿಗೆ ಕರೆ ಬಂತು. ಅರ್ಧ ಗಡ್ಡ ಕೆರೆದುಕೊಂಡು, ಉಳಿದರ್ಧಕ್ಕೆ ಸೋಪಿನ ನೊರೆ ಹಚ್ಚಿಕೊಂಡಿದ್ದವನು ಹಾಗೆಯೇ ಓಡಿದೆ. ಪುಸ್ತಕದ ಬೆನ್ನಿಗೆ ಹಾಕುವ ಭಾವಚಿತ್ರ ತೆಗೆಸಲು ಹತ್ತಕ್ಕೆ ಸ್ಟುಡಿಯೋಕ್ಕೆ ಹೋಗಬೇಕಿತ್ತು. ಟವೆಲು ಹಿಡಿದು ಹೆಂಡತಿ ಸರೋಜಾ ಬೆನ್ನ ಹಿಂದೆ.

“ಸರ, ಈರಪ್ಪರಿ. ನಾಕು ಪುಟ ಹೆಚ್ಚಾಗ್ಯಾವು. ಹತ್ತು ಫಾರ್ಮಿಗೆ ಮುಗಸಬೇಕಂತಾರ ಸಾಹುಕಾರ್ರು. ಕಡೀ ಅಧ್ಯಾಯ ಬರೋಬ್ಬರಿ ನಾಕಽ ಪುಟ ಐತ್ರಿ. ಅದನ್ನ ತಗದರ ನಡೀತೈತೇನ್ರಿ?”

“ನನಗಿಂತ ಹೆಚ್ಚು ಸಲ ಓದಿದವ ನೀನು, ಈರಪ್ಪ. ನಿನಗ ತಿಳಿದಂಗ ಮಾಡು” ಎಂದೆ. ಫೋನಿಟ್ಟೆ.

ಕಿವಿಯಲ್ಲಿ ನೊರೆಯಿತ್ತು, ಸರಿಯಾಗಿ ಕೇಳಿಸಲಿಲ್ಲ ಎಂದು ಬರೆಯಬಹುದಿತ್ತು. ಕೇಳಿಸಿತ್ತು. ಪ್ರತಿಯೊಂದು ಮಾತೂ. ಹತ್ತಕ್ಕೆ ಫೋಟೋ ತೆಗೆಸಿಕೊಂಡೆ — ಗಲ್ಲಕ್ಕೆ ಕೈಯಿಟ್ಟು, ದೂರ ನೋಡುತ್ತ. ಆ ಚಿತ್ರದಲ್ಲಿ ನಾನು ಯೋಚನಾಮಗ್ನನಾಗಿರುವಂತೆ ಕಾಣುತ್ತೇನೆ.

ಬಿಡುಗಡೆಗೆ ಎರಡು ದಿನ ಮುಂಚೆ ಪುಸ್ತಕದ ಕಟ್ಟು ಮನೆಗೆ ಬಂತು. ಬಿಚ್ಚಿದವನೇ ಹಿಂದಿನಿಂದ ತೆರೆದೆ. ನನ್ನ ಕಣ್ಣೀರಿನ ಅಧ್ಯಾಯ ಇಲ್ಲ! ಓದುಗರೇ, ಆಗ ಎದೆಯಲ್ಲಿ ಎದ್ದದ್ದು ಸುಳ್ಳು ಸಿಟ್ಟಲ್ಲ. ಮೋಸಹೋದವನ ನಿಜವಾದ ಉರಿ. ನಂಬಿ ಕೊಟ್ಟದ್ದನ್ನು ಕದ್ದರು ಎಂಬ ಉರಿ. ಫೋನಿನ ಮಾತು ಆ ಗಳಿಗೆ ನೆನಪಿರಲಿಲ್ಲ — ಇಲ್ಲ, ಹುಬ್ಬಳ್ಳಿಗೆ ಹೊರಟ ಬಸ್ಸು ನವಲೂರು ದಾಟುವಾಗ ನೆನಪಾಯಿತು. ನಿಚ್ಚಳವಾಗಿ ನೆನಪಾಯಿತು. ಇಳಿದು ಹಿಂದಿರುಗಬಹುದಿತ್ತು. ಅಷ್ಟು ಹೊತ್ತಿಗೆ ಬೈಗುಳಗಳನ್ನು ಒಳ್ಳೆಯ ವಾಕ್ಯಗಳಾಗಿ ಜೋಡಿಸಿಕೊಂಡಿದ್ದೆ. ಒಳ್ಳೆಯ ವಾಕ್ಯವನ್ನು ಬಿಟ್ಟುಕೊಡುವ ಅಭ್ಯಾಸ ನನಗಿರಲಿಲ್ಲ.

ಮುದ್ರಣಾಲಯದಲ್ಲಿ ಕೂಗಾಡಿದೆ. ಯಂತ್ರ ನಿಂತಿತು. ಮಾಲೀಕರು — ಎಲ್ಲರೂ ಅವರನ್ನು ಸಾಹುಕಾರರೆಂದೇ ಕರೆಯುತ್ತಿದ್ದರು — ಒಳಗಿನಿಂದ ಎದ್ದು ಬಂದರು. ಈರಪ್ಪ ಗಾಬರಿಯಾಗಲಿಲ್ಲ. ಮಾಸ್ತರಿಗೆ ಮರೆತಿದೆ, ಈಗ ನೆನಪಿಸಿದರೆ ನಕ್ಕುಬಿಡುತ್ತಾರೆ ಎಂಬಂತೆ ನನ್ನ ಕಡೆ ನೋಡಿ, “ಸರ, ಅವತ್ತ ಫೋನಿನ್ಯಾಗ ನೀವಽ ಅಂದ್ರೆಲ್ಲ, ತಿಳಿದಂಗ ಮಾಡು ಅಂತ” ಎಂದ.

ಸಾಹುಕಾರರು ನನ್ನತ್ತ ತಿರುಗಿದರು. “ಖರೇ ಏನ್ರಿ, ಮಾಸ್ತರ?”

“ನಾ ಅಂಥಾ ಮಾತು ಆಡೇ ಇಲ್ಲ.”

ಆ ಕ್ಷಣ ಈರಪ್ಪನ ಮುಖದಲ್ಲಿ ಆದದ್ದನ್ನು ವರ್ಣಿಸಲು ಹದಿಮೂರು ವರ್ಷ ಪ್ರಯತ್ನಪಟ್ಟಿದ್ದೇನೆ. ಎರಡು ಕಾದಂಬರಿಗಳಲ್ಲಿ ಆ ಮುಖವನ್ನು ಬೇರೆ ಬೇರೆ ಹೆಸರಿಟ್ಟು ತಂದಿದ್ದೇನೆ. ಬಂದಿಲ್ಲ. ಅವನು ಅತ್ತಿತ್ತ ನೋಡಲಿಲ್ಲ, ವಾದ ಮಾಡಲಿಲ್ಲ. ನನ್ನನ್ನೇ ನೋಡುತ್ತಿದ್ದ — ಜೋಡಿಸಿದ ಪುಟದಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವಾಗ ನೋಡುತ್ತಿದ್ದನಲ್ಲ, ಹಾಗೆ.

“ಸುಳ್ಳೂ ಹೇಳ್ತಿಯಾ, ಈರ್ಯಾ?” ಎಂದರು ಸಾಹುಕಾರರು. “ನಾಳಿಂದ ಬರಬ್ಯಾಡ.”

ಈರಪ್ಪ ಒಂದು ಕೆಲಸ ಮಾಡಿದ. ನನ್ನ ಪುಸ್ತಕದ ಕೊನೆಯ ಫಾರ್ಮಿನ ಮೊಳೆ ಇನ್ನೂ ಕಟ್ಟಿದಂತೆಯೇ ಇತ್ತು. ಅದನ್ನು ಬಿಚ್ಚಿ, ಅಕ್ಷರಗಳನ್ನೆಲ್ಲ ಪೆಟ್ಟಿಗೆಯ ಅವವುಗಳ ಮನೆಗೆ ಹಾಕಿ, ಕೈ ತೊಳೆದುಕೊಂಡು ಹೋದ. ನಾನು ನೋಡುತ್ತ ನಿಂತಿದ್ದೆ. ಒಂದು ಮಾತು ಸಾಕಿತ್ತು. ಅಷ್ಟು ದೊಡ್ಡ ದನಿಯಲ್ಲಿ ಬಂದವನು ಸಣ್ಣ ದನಿಯಲ್ಲಿ ಹೇಗೆ — ಹೀಗೇ ಏನೋ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವನು ಓಣಿ ತಿರುಗಿದ್ದ.

ಎರಡು ದಿನದ ಮೇಲೆ ಧಾರವಾಡದಲ್ಲಿ ಬಿಡುಗಡೆ. ಮುಖ್ಯ ಅತಿಥಿಗಳು ಕೊನೆಯ ಪುಟವನ್ನು ಓದಿ ಪುಸ್ತಕ ಮುಚ್ಚಿದರು. ಆಮೇಲೆ ಹೇಳಿದರು: ನೀಲವ್ವ ಕ್ಷಮಿಸಿದಳೋ ಇಲ್ಲವೋ ಎಂಬುದನ್ನು ಹೇಳದೆ ಬಿಟ್ಟ ಈ ಸಂಯಮ ದೊಡ್ಡ ಲೇಖಕನದು. ಸಭೆ ಚಪ್ಪಾಳೆ ತಟ್ಟಿತು. ದೊಡ್ಡ ಲೇಖಕ ಎದ್ದು ಕೈಮುಗಿದ. ‘ಬರೆಯುವುದಕ್ಕಿಂತ ಬಿಡುವುದು ಕಠಿಣ’ ಎಂದು ಗಂಭೀರವಾಗಿ ನುಡಿದ. ಮುಂದೆ ಆ ವಾಕ್ಯವನ್ನು ಎಷ್ಟು ವೇದಿಕೆಗಳಲ್ಲಿ ಹೇಳಿದೆನೆಂದರೆ, ಪ್ರಶಸ್ತಿ ಬರುವ ಹೊತ್ತಿಗೆ ನಾನೇ ನಂಬಿದ್ದೆ.

ಹೀಗೆ ಹುಬ್ಬಳ್ಳಿಯಲ್ಲೊಂದು ಸುಳ್ಳು, ಧಾರವಾಡದಲ್ಲೊಂದು ಸುಳ್ಳು. ಅಲ್ಲಿ, ನನ್ನ ಕೊನೆಯನ್ನು ಹಾಳು ಮಾಡಿದವನು ಈರಪ್ಪ. ಇಲ್ಲಿ, ಆ ಕೊನೆಯನ್ನು ತಪಸ್ಸು ಮಾಡಿ ಪಡೆದವನು ನಾನು. ನಡುವೆ ಬರೀ ಇಪ್ಪತ್ತು ಕಿಲೋಮೀಟರು. ಒಂದು ಮದುವೆಯಲ್ಲಿ ಸಾಹುಕಾರರೂ ಅದೇ ಮುಖ್ಯ ಅತಿಥಿಗಳೂ ಒಂದೇ ಪಂಕ್ತಿಗೆ ಬಂದುಬಿಟ್ಟರು. ಅವರಿಬ್ಬರ ನಡುವೆ ಕೂತು, ಯಾರಿಗೂ ಪುಸ್ತಕದ ಮಾತೆತ್ತಲು ಬಿಡದೆ, ಹವಾಮಾನದ ಬಗ್ಗೆ ಒಂದು ತಾಸು ಮಾತಾಡಿದೆ. ಬಡಿಸಿದ್ದಕ್ಕೆಲ್ಲ ಬೇಡವೆನ್ನದೆ ಏಳು ಬುಂದಿ ಲಾಡು ತಿಂದೆ.

ಈರಪ್ಪ ವರ್ಷವೂ ಹೆಬ್ಬಳ್ಳಿಯಿಂದ ಹಸಿ ಶೇಂಗಾ ತಂದುಕೊಡುತ್ತಿದ್ದ. ಆ ವರ್ಷ ಬರಲಿಲ್ಲ. “ಈ ಸಲ ಶೇಂಗಾ ಬಂದಿಲ್ಲ ನೋಡ್ರಿ” ಎಂದಳು ಸರೋಜಾ. ಮರುವರ್ಷವೂ ಅಂದಳು. ಅಂದು ಫೋನಿನ ಮಾತು ಕೇಳುತ್ತ ಟವೆಲು ಹಿಡಿದು ಬೆನ್ನ ಹಿಂದೆ ನಿಂತವಳು ಅವಳು, ಬೇರೇನೂ ಅನ್ನಲಿಲ್ಲ. ಹದಿಮೂರು ವರ್ಷ, ಶೇಂಗಾ ಕಾಲ ಬಂದಾಗಲೆಲ್ಲ ಅದೊಂದೇ ಮಾತು.

ಕಳೆದ ತಿಂಗಳು ಅವನಲ್ಲಿಗೆ ಹೋದೆ. ಎಲ್ಲಿದ್ದಾನೆಂದು ಹುಡುಕಬೇಕಾಗಿರಲಿಲ್ಲ. ಅಮರಗೋಳದ ಮಾರುಕಟ್ಟೆ ಪ್ರಾಂಗಣದಲ್ಲಿ, ನನ್ನ ಎರಡು ಸುಳ್ಳುಗಳ ನಡುವೆ, ಅವನಿದ್ದಾನೆಂದು ಯಾರೋ ಎಂದೋ ಹೇಳಿದ್ದರು. ಬಸ್ಸು ಅಲ್ಲಿ ಬಂದಾಗಲೆಲ್ಲ ನಾನು ಇನ್ನೊಂದು ಬದಿಯ ಕಿಟಕಿ ನೋಡುತ್ತಿದ್ದೆ.

ಗೋಣಿಚೀಲಗಳ ಮೇಲೆ ತಗಡಿನ ಅಚ್ಚಿಟ್ಟು ಕರಿ ಬಣ್ಣದಲ್ಲಿ ವ್ಯಾಪಾರಿಗಳ ಹೆಸರು ಒತ್ತುತ್ತಿದ್ದ. ತಲೆ ಬೆಳ್ಳಗಾಗಿತ್ತು.

“ಬರ್ರಿ ಸರ. ದಪ್ಪ ಆಗೀರಿ” ಎಂದ. “ಇಲ್ಲೂ ಅಕ್ಷರದ್ದಽ ಕೆಲಸ ನೋಡ್ರಿ. ಇವು ನೆಟ್ಟಗ ಅದಾವು, ಅಷ್ಟಽ ಫರಕ್.”

“ನಿಮ್ಮ ಹತ್ರ ಒಂದು ಮಾತು ಹೇಳಬೇಕಾಗಿತ್ತು…”

“ಇದೇನ್ರಿ, ಹೊಸದಾಗಿ ನೀವು-ಗೀವು?”

ಹೇಳಿದೆ. ತಪ್ಪಾಯಿತು ಎಂದೆ. ಹೊಸ ಆವೃತ್ತಿಯಲ್ಲಿ ಅವನ ಹೆಸರು ಹಾಕಿಸುತ್ತೇನೆ ಎಂದೆ. ಅವನು ಅಚ್ಚು ಎತ್ತಿ ಮುಂದಿನ ಚೀಲದ ಮೇಲಿಟ್ಟ.

“ಹೆಸರು ಹಾಕ್ರಿ, ಬಿಡ್ರಿ, ಅದು ನಿಮ್ಮ ಪುಸ್ತಕ. ಸಾಹುಕಾರ್ರು ತೀರಿಕೊಳ್ಳೂ ಮುಂದ ದವಾಖಾನಿಗೆ ನೋಡಾಕ ಹೋಗಿದ್ನಿರಿ. ಕೈ ಹಿಡದು ಏನಂದ್ರು ಗೊತ್ತೈತೇನ್ರಿ? ‘ಈರ್ಯಾ, ಎಲ್ಲಾ ಛಲೋ ಇತ್ತು, ಅದೊಂದು ಸುಳ್ಳು ಹೇಳಬಾರದಿತ್ತೋ ನೀ’ ಅಂದ್ರು. ಹಂಗಂತ ತಿಳಕೊಂಡಽ ಹೋದ್ರು.” ಬಣ್ಣದ ಕುಂಚ ಡಬ್ಬಿಯೊಳಗೆ ಇಳಿಸಿದ. “ಈಗ ಯಾರ ಮುಂದ ಹೇಳ್ತೀರಿ, ಸರ?”

ಅವನು ಎದ್ದು, ಮೂಲೆಯ ಮಡಕೆಯಿಂದ ಒಂದು ಲೋಟ ನೀರು ತುಂಬಿ ತಂದು, ನನ್ನ ಪಕ್ಕದ ಚೀಲದ ಮೇಲಿಟ್ಟ. ಮಾತಾಡದೆ ತನ್ನ ಕೆಲಸಕ್ಕೆ ಮರಳಿದ.

ಕುಡಿದೆ. ಕೂತೆ. ಕಾಲಿಗೆ ಬೀಳುವುದು, ಕಣ್ಣೊರೆಸುವುದು, ಹೋಳಿಗೆ — ಎಲ್ಲವನ್ನೂ ನಾಲ್ಕು ಪುಟ ಬರೆದವನು ನಾನು. ಮುಂದಿನ ಅಧ್ಯಾಯಕ್ಕಾಗಿ ಅರ್ಧ ತಾಸು ಕಾದೆ. ಲಾರಿಯೊಂದು ಬಂದು ನಿಂತಿತು. ಚೀಲಗಳನ್ನು ಹೇರತೊಡಗಿದರು. ಈರಪ್ಪ ತಲೆಯೆತ್ತಲಿಲ್ಲ. ಮುಂದಿನ ಅಧ್ಯಾಯ ಇರಲಿಲ್ಲ.

ಹೇಳಬೇಕಾದವರ ಮುಂದೆ ಹೇಳುವ ಕಾಲ ಮುಗಿದಿದೆ. ಉಳಿದವರು ನೀವು. ಅಂದು ಆ ಮುದ್ರಣಾಲಯದಲ್ಲಿ ಸಾಹುಕಾರರು ನನ್ನತ್ತ ತಿರುಗಿ ಖರೇ ಏನ್ರಿ ಎಂದು ಕೇಳಿದ್ದಕ್ಕೆ ನನ್ನ ಉತ್ತರ ಇದು:

ಖರೇ ರೀ. ಈರಪ್ಪ ಸುಳ್ಳು ಹೇಳಿಲ್ಲ. ತಿಳಿದಂಗ ಮಾಡು ಅಂತ ಅಂದಾಂವ ನಾನಽ.