ಮೂವರು ಹೆಂಗಸರು, ಒಂದು ಬಾಗಿಲು

ಪುರಾವೆ ಮಾವ ಅಪ್ಪಟ ಸಂಶಯಪಿಶಾಚಿ. ದೇವರ ಮಾತಿರಲಿ, ತಮ್ಮ ಗಡಿಯಾರದ ಮೇಲೂ ಅವರಿಗೆ ನಂಬಿಕೆ ಇರಲಿಲ್ಲ. ಬೀದಿಯವರು ಇಟ್ಟ ‘ಪುರಾವೆ’ ಎಂಬ ಹೆಸರನ್ನು ಬಿರುದಿನಂತೆ ಹೊತ್ತು ತಿರುಗುತ್ತಿದ್ದರು. ವಿಮಾ ಕಂಪನಿಯಲ್ಲಿ ಅಪಘಾತಗಳ ತನಿಖೆ ಮಾಡಿ ನಿವೃತ್ತರಾದವರು. ಸಾಕ್ಷಿಗಳನ್ನು ಬೇರೆ ಬೇರೆ ಕೂರಿಸಿ ಒಂದೇ ಪ್ರಶ್ನೆ ಕೇಳುವುದು ಅವರ ಪದ್ಧತಿ. ಎಲ್ಲರೂ ಗಿಳಿಪಾಠ ಒಪ್ಪಿಸಿದರೆ ಯಾರೋ ಹೇಳಿಕೊಟ್ಟದ್ದು ಎಂದು ತಳ್ಳಿಹಾಕುತ್ತಿದ್ದರು. ಅಲ್ಲಲ್ಲಿ ತಾಳ ತಪ್ಪಿದರೆ ಮಾತ್ರ ಅವರ ಕಿವಿ ನೆಟ್ಟಗಾಗುತ್ತಿತ್ತು.

ಆ ನ್ಯಾಯವನ್ನು ಛತ್ರಿಯ ಜೊತೆ ಕಚೇರಿಯಲ್ಲೇ ಬಿಟ್ಟು ಬಂದಿದ್ದರು. ಮನೆಯಲ್ಲಿ ಅಕ್ಕನ ಬೈಬಲ್ ತೆರೆದು, ಯೇಸುವಿನ ಸಮಾಧಿ ಬರಿದಾದ ಕತೆಯ ಪಕ್ಕದಲ್ಲೆಲ್ಲ ಕೆಂಪು ಪೆನ್ಸಿಲಿನಿಂದ ಪ್ರಶ್ನಾರ್ಥಕ ಚಿಹ್ನೆ ಗೀಚುತ್ತಿದ್ದರು.

"ನೋಡಕ್ಕ, ಈ ಸುವಾರ್ತೆ ಬರೆದವನ ಪ್ರಕಾರ ಸಮಾಧಿಗೆ ಹೋದವರು ಮೂವರು ಹೆಂಗಸರು, ಇನ್ನೊಬ್ಬನ ಪ್ರಕಾರ ಒಬ್ಬಳೇ. ಇಲ್ಲಿ ಬಿಳಿ ಬಟ್ಟೆಯವನು ಒಬ್ಬ, ಅಲ್ಲಿ ಇಬ್ಬರು. ನಮ್ಮ ಆಫೀಸಲ್ಲಾಗಿದ್ರೆ ಕ್ಲೇಮು ಕಸದ ಬುಟ್ಟಿಗೆ!"

"ನಿನ್ನ ಹತ್ರ ಕ್ಲೇಮು ಕೇಳಿದವರು ಯಾರೋ? ತಟ್ಟೆ ತೊಳಿ, ಹೋಗು."

ಅಕ್ಕನಿಗಿದ್ದ ಆಸ್ತಿ ಚರ್ಚಿನ ಬೀಗದ ಕೈ ಒಂದೇ. ಗಂಡ ಸತ್ತಾಗಿನಿಂದ ಪ್ರತಿದಿನ ಮುಂಜಾನೆ ಬಾಗಿಲು ತೆರೆಯುವವಳು ಅವಳೇ. ಒಂದು ದಿನ ಅವಳೂ, ಕಸ ಗುಡಿಸುವವಳೂ, ಹೂ ಜೋಡಿಸುವವಳೂ ಹೋದಾಗ ಬಾಗಿಲು ಆಗಲೇ ಹಾರು ಹೊಡೆದಿತ್ತು. ಹೊಸ ಆಂಪ್ಲಿಫೈಯರ್ ಇದ್ದ ಜಾಗ ಖಾಲಿ.

ಪಾದ್ರಿಗಳ ಮುಂದೆ ಚರ್ಚಿನ ಸಮಿತಿ ಸೇರಿತು. ಬಿಳಿ ಅಂಗಿಯವನೊಬ್ಬ ಓಡಿಹೋದ ಎಂದಳು ಅಕ್ಕ. ಇಬ್ಬರು ಎಂದಳು ಗುಡಿಸುವವಳು. ಹೂವಿನವಳು ಯಾರನ್ನೂ ನೋಡಿರಲಿಲ್ಲ. ಹೆದರಿ ಮನೆಗೆ ಓಡಿ, ಮಧ್ಯಾಹ್ನದ ತನಕ ಬಾಯಿ ಬಿಟ್ಟಿರಲಿಲ್ಲ.

"ಮೂರು ಬಾಯಿ, ಮೂರು ಕತೆ," ಎಂದ ಕಾರ್ಯದರ್ಶಿ. "ಬೀಗ ಒಡೆದಿಲ್ಲ, ಕೀ ಇರೋದು ನಿಮ್ಮ ಹತ್ರ. ಕಳ್ಳನೂ ಇಲ್ಲ, ಗಿಳ್ಳನೂ ಇಲ್ಲ. ಮೂವರೂ ಸೇರಿ ಕತೆ ಕಟ್ಟಿದೀರಿ. ಕೀ ಇಲ್ಲಿಡಿ ಅಮ್ಮಾ."

ಅಕ್ಕನ ಕೈ ಕೊರಳಿನ ದಾರಕ್ಕೆ ಹೋಯಿತು. ಹೊರಗಿನ ಬೆಂಚಿನಲ್ಲಿ ಪತ್ರಿಕೆ ಓದುತ್ತಿದ್ದ ಮಾವ ಎದ್ದು ಒಳಗೆ ಬಂದರು.

"ಸೇರಿ ಕಟ್ಟಿದ್ರೆ ಒಂದೇ ಥರ ಕಟ್ತಿದ್ರು ಸ್ವಾಮಿ. ಕಳ್ಳ ನೀವು ರಿಪೇರಿ ಮಾಡಿಸದ ಕಿಟಕಿಯಿಂದ ಒಳಗೆ ಬಂದು, ಒಳಗಿನಿಂದಲೇ ಬಾಗಿಲು ತೆಗೆದಿದಾನೆ. ಇವರ ಮಾತು ಹೊಂದೋದಿಲ್ಲ, ಅದಕ್ಕೇ ನಂಬ್ತೀನಿ."

"ಓಹೋ! ಸುವಾರ್ತೆಗಳು ಒಂದಕ್ಕೊಂದು ಹೊಂದೋದಿಲ್ಲ, ಅದಕ್ಕೇ ಬುರುಡೆ ಅಂತ ಊರೆಲ್ಲ ಡಂಗುರ ಹೊಡೆದವರು ಯಾರಪ್ಪಾ?" ಎಂದ ಕಾರ್ಯದರ್ಶಿ.

ಕೋಣೆಯೆಲ್ಲ ನಕ್ಕಿತು. ಪಾದ್ರಿಗಳು ನಗುವನ್ನು ಕೆಮ್ಮಾಗಿಸಿಕೊಂಡರು. ಮಾವ ತಮ್ಮ ವಾದ ಉಳಿಸಿಕೊಳ್ಳಬೇಕು, ಇಲ್ಲವೇ ಅಕ್ಕನ ಬೀಗದ ಕೈ.

"ಆ ವಾದ ಬಿದ್ದುಹೋಯ್ತು," ಎಂದರು, ಹಲ್ಲು ಕೀಳಿಸಿಕೊಂಡವರಂತೆ. "ಅಲ್ಲಿನ ಹೆಂಗಸರೂ ಏನೋ ನೋಡಿರಬೇಕು. ಏನು ಅಂತ ನಂಗೊತ್ತಿಲ್ಲ. ಸತ್ತವನು ಎದ್ದ ಅನ್ನೋಕೆ ಅಷ್ಟು ಸಾಲದು. ಆದ್ರೆ ಪಾದ್ರಿಗಳೇ, ಬೆಳಗಿನ ಜಾವ ಹೋಗಿ ನೋಡಿ ಬಂದ ಹೆಂಗಸರ ಮಾತನ್ನ ನೀವೇ ನಂಬದಿದ್ರೆ, ಈ ಅಂಗಡಿ ಯಾಕೆ ತೆರೆದಿಟ್ಟಿದೀರಿ?"

ಪಾದ್ರಿಗಳ ಕೆಮ್ಮು ತಟ್ಟನೆ ವಾಸಿಯಾಯಿತು. ಬೀಗದ ಕೈ ಅಕ್ಕನ ಕೊರಳಲ್ಲೇ ಉಳಿಯಿತು.

"ಹಾಗಾದ್ರೆ ಭಾನುವಾರ ಬರ್ತೀಯೇನೋ?" ಎಂದಳು ಅಕ್ಕ, ಮನೆಗೆ ಬಂದು ಚಪ್ಪಲಿ ಬಿಡುತ್ತ.

"ಆಂಪ್ಲಿಫೈಯರ್ ಸಿಗೋ ತನಕ ಬರಬಹುದು. ಕಿವಿಗೆ ಹಿತ."

ಅವಳು ಅಡುಗೆಮನೆಗೆ ಹೋದ ಮೇಲೆ ಮಾವ ಬೈಬಲ್ ಬಿಡಿಸಿ, ಮೂವರು ಹೆಂಗಸರ ಪಕ್ಕದ ಪ್ರಶ್ನಾರ್ಥಕ ಚಿಹ್ನೆಯನ್ನು ರಬ್ಬರಿನಿಂದ ಉಜ್ಜಿದರು. ಕೆಂಪು ಹೋಗಲಿಲ್ಲ, ಹಾಳೆಯ ಮೇಲೆ ಹರಡಿತು. ಅವರು ಹಾಳೆ ಹರಿಯದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಉಜ್ಜುತ್ತಲೇ ಹೋದರು.