ತೊಗರಿ ಕಟ್ಟಿಗೆಯ ಬಿಸಿನೀರು

ನನ್ನ ಅವ್ವ ಸುಳ್ಳು ಹೇಳುವ ಹೆಂಗಸಲ್ಲ. ಆದರೆ ಹುಮನಾಬಾದಿನ ನಮ್ಮ ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ಒಂದು ಸುಳ್ಳು ಹೇಳತೊಡಗಿದ್ದಳು. "ಬಿಸಿನೀರಾಗ ಮೈ ತೊಳ್ಕೊಂಡ್ಯಾ?" ಎಂದು ನಾನು ಅಡುಗೆಮನೆಯಿಂದಲೇ ಕೂಗುತ್ತಿದ್ದೆ. "ಹೂಂನವ್ವ, ತೊಳ್ಕೊಂಡೆ. ಛಲೋ ಕಾದಿದ್ದವು" ಎಂದು ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತ ಹೇಳುತ್ತಿದ್ದಳು. ನಾನೊಬ್ಬ ದಡ್ಡಿ, ನಂಬುತ್ತಿದ್ದೆ.

ಅವ್ವ ಇರುತ್ತಿದ್ದದ್ದು ಮುಡಬಿಯಲ್ಲಿ. ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು, ನಾನು ಒಬ್ಬಳೇ ಮಗಳು. ಇದ್ದ ಚೂರು ಹೊಲವನ್ನು ಪಕ್ಕದವರಿಗೆ ಪಾಲಿಗೆ ಹಚ್ಚಿ ಅವಳು ತನ್ನ ಪಾಡಿಗೆ ಆರಾಮಾಗಿಯೇ ಇದ್ದಳು. ಆ ವರ್ಷ ಚಳಿ ಶುರುವಾಗುತ್ತಲೇ ಎದೆಗೆ ಕಫ ಕಟ್ಟಿ ಏದುಸಿರು ಬಂತು. ಟಂಟಂ ಆಟೋದಲ್ಲಿ ಹಾಕಿಕೊಂಡು ಇಲ್ಲಿಯ ದವಾಖಾನೆಗೆ ತಂದೆವು. ಬಿಡುವಾಗ ಡಾಕ್ಟರರು ನನ್ನ ಮುಖ ನೋಡಿ, "ತಣ್ಣೀರಿನ ಸ್ನಾನ ಪೂರಾ ಬಂದ್ ಮಾಡಸ್ರಿ. ಇನ್ನೊಮ್ಮೆ ಹಿಂಗಾದ್ರ ಈ ವಯಸ್ಸಿನಾಗ ಕಠಿಣ ಅದ" ಎಂದರು. ನಾನು ಅವಳನ್ನು ಊರಿಗೆ ಕಳಿಸಲೇ ಇಲ್ಲ, ಸೀದಾ ಮನೆಗೆ ಕರೆತಂದೆ.

ಬಿಸಿನೀರಿಗೆ ನಮ್ಮಲ್ಲಿ ಕೊರತೆ ಏನಿತ್ತು? ನಮ್ಮ ಮನೆಯವರು ಫ್ಯಾನು, ಮಿಕ್ಸರು, ಮೋಟಾರು ರಿಪೇರಿ ಮಾಡುವವರು, ಬಸ್‌ಸ್ಟ್ಯಾಂಡ್ ಕಡೆ ಅಂಗಡಿ ಇದೆ. ಬಚ್ಚಲಲ್ಲಿ ಅವರೇ ಕೈಯಾರೆ ಕೂರಿಸಿದ ಗೀಸರ್ ಇದೆ. ಸ್ವಿಚ್ ಒತ್ತಿದರೆ ಆಯಿತು. ಅವ್ವ ಬೆಳಕು ಹರಿಯುವ ಮೊದಲೇ ಎದ್ದು ಮೈ ತೊಳೆಯುವವಳು. ಮೈ ತೊಳೆಯದೆ ಒಂದು ಗುಟುಕು ಚಹಾ ಕೂಡ ಬಾಯಿಗೆ ಹಾಕುವುದಿಲ್ಲ. ಒಂದು ದಿನ ಅವಳು ಹೊರಗೆ ಬಂದ ಮರುಗಳಿಗೆಯೇ ನಾನು ಬಚ್ಚಲಿಗೆ ಹೋದೆ. ಹಬೆ ಇಲ್ಲ, ಗೋಡೆ ಬೆವೆತಿಲ್ಲ, ಬಕೆಟ್ಟಿನ ತಳದಲ್ಲಿ ಉಳಿದ ನೀರು ಮುಟ್ಟಿದರೆ ಬೆರಳು ಜುಮ್ಮೆಂದಿತು. ಓಡಿ ಬಂದು ಅವಳ ಕೈ ಹಿಡಿದು ನೋಡಿದೆ, ಕೈ ಗಡಗಡ ನಡುಗುತ್ತಿತ್ತು.

"ಯಾಕವ್ವಾ, ನನ್ನ ಕೊಲ್ಲಾಕ ಬಂದಿಯೇನು? ಡಾಕ್ಟರ್ ಏನ್ ಹೇಳ್ಯಾರ ನಿನಗ?" ಎಂದು ಚೀರಿದೆ.

"ಮೆಲ್ಲಕ ಮಾತಾಡು, ಅವರು ಮಲಗ್ಯಾರ" ಎಂದಳು. "ಕರೆಂಟ್ ಅಳಿಯಂದು. ನಾ ಯಾಕ ಸುಡ್ಲಿ?"

"ಅವರು ಯಾವಾಗರ ಕೇಳ್ಯಾರೇನು ನಿನಗ?"

"ಕೇಳಂಗಿಲ್ಲ. ಕೇಳಂಗಿಲ್ಲಲಾ, ಅದಕ್ಕೇ ನನಗ ನಾಚಿಕಿ ಬರ್ತದ."

ಇಂಥ ಮಾತಿಗೆ ಏನು ಹೇಳುತ್ತೀರಿ? ನನಗಂತೂ ಮೈಯೆಲ್ಲ ಉರಿದುಹೋಯಿತು. ನಮ್ಮ ಕಡೆ ಅತ್ತೆ ಅಳಿಯ ಎದುರುಬದುರು ಮಾತಾಡುವ ಪದ್ಧತಿ ಕಡಿಮೆ. ಅವ್ವ ಅದನ್ನು ಇನ್ನೂ ಒಂದು ಕೈ ಮೇಲೆ ಪಾಲಿಸುವವಳು. ಇವರು ಎದುರಿಗೇ ಕೂತಿದ್ದರೂ ತಲೆಯ ಮೇಲೆ ಸೆರಗೆಳೆದುಕೊಂಡು ನನಗೆ ಹೇಳುತ್ತಿದ್ದಳು: "ಚಹಾ ಆರಾಕತ್ತದ ಅಂತ ಅವರಿಗಿ ಹೇಳು." ಇವರೇನು ಕಡಿಮೆ? "ಕುಡಿತೀನಿ ಅಂತ ಹೇಳು" ಎಂದು ನನಗೇ ಹೇಳುತ್ತಿದ್ದರು. ಗೇಣುದ್ದದ ಪಡಸಾಲೆಯಲ್ಲಿ ನಾನು ನಡುವೆ ನಿಂತ ಟಪಾಲು ಪೆಟ್ಟಿಗೆ.

ಅವ್ವ ಬಂದಾಗಿನಿಂದ ನಾನು ಇನ್ನೊಂದನ್ನು ಗಮನಿಸಿದ್ದೆ. ದವಾಖಾನೆಯಿಂದ ಬಂದ ವಾರದಲ್ಲೇ ಮುಡಬಿಯಿಂದ ತನ್ನ ಜೋಳದ ಚೀಲ ತರಿಸಿಕೊಂಡಿದ್ದಳು. ಆ ಜೋಳದ ರೊಟ್ಟಿಯನ್ನು ಹೊಟ್ಟೆ ತುಂಬ ತಿನ್ನುತ್ತಿದ್ದಳು, ನಮಗೂ ಬಡಿದು ಹಾಕುತ್ತಿದ್ದಳು. ನಾನು ಅಂಗಡಿಯಿಂದ ತಂದ ಅಕ್ಕಿಯ ಅನ್ನಕ್ಕೆ ಮಾತ್ರ ಎರಡು ತುತ್ತಾದ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದಳು. ಅನ್ನ ಸೇರುವುದಿಲ್ಲವೇನೋ ಎಂದುಕೊಂಡಿದ್ದೆ. ಆ ಬೆಳಿಗ್ಗೆ ಅವಳ ತಣ್ಣನೆಯ ಕೈ ಉಜ್ಜುತ್ತ ಕೂತಾಗ ತಿಳಿಯಿತು. ತನ್ನ ಹೊಲದ್ದಾದರೆ ಅವಳಿಗೆ ಸಂಕೋಚವಿಲ್ಲ. ರೊಟ್ಟಿ ಅವಳದಾಗಿತ್ತು, ಬಿಸಿನೀರು ಅವಳದಾಗಿರಲಿಲ್ಲ. ಹಾಗಾದರೆ ಅದನ್ನೂ ಅವಳದೇ ಮಾಡಬೇಕು ಎಂದು ನಿರ್ಧಾರ ಮಾಡಿದೆ.

ಅವಳ ಮನೆಯ ಹಿಂದೆ ತೊಗರಿ ಕಟ್ಟಿಗೆಯ ದೊಡ್ಡ ಒಟ್ಟಲು ಸುಮ್ಮನೆ ಬಿದ್ದಿತ್ತು. ಅದನ್ನು ಉರಿಸಲು ಬೇಕಾದದ್ದು ಬಂಬ. ನಮ್ಮ ಕಡೆ ಬಂಬ ಎಂದರೆ ನೀರು ಕಾಯಿಸುವ ಎತ್ತರದ ಹಂಡೆ. ನಡುವೆ ಬೆಂಕಿಯ ಕೊಳವೆ, ಸುತ್ತ ನೀರು, ತುದಿಯಲ್ಲಿ ಹೊಗೆ ಹೋಗುವ ದಾರಿ. ಮೇಲೆ ಒಂದು ತಂಬಿಗೆ ತಣ್ಣೀರು ಸುರಿದರೆ ಪಕ್ಕದ ನಳಿಗೆಯಿಂದ ಒಂದು ತಂಬಿಗೆ ಬಿಸಿನೀರು ಬರುತ್ತದೆ. ಸುರಿಯದಿದ್ದರೆ ಬರುವುದಿಲ್ಲ. ಇವರಿಗೆ ಹೇಳಿದೆ. ಅವರ ಮುಖ ನೋಡಬೇಕಿತ್ತು.

"ಮಂದಿ ಮನಿ ಗೀಸರ್ ರಿಪೇರಿ ಮಾಡೂವ ನಾನು. ನನ್ನ ಮನ್ಯಾಗ ಬಂಬ ಇಡ್ತಿಯೇನು? ನಗ್ತಾರ."

"ನಗ್ಲಿ ಬಿಡ್ರಿ. ನಮ್ಮವ್ವ ಉಳಿದ್ರ ಸಾಕು" ಎಂದೆ. ಕೊನೆಗೆ ಕಲ್ಯಾಣದ ಬಜಾರಿನಲ್ಲಿ ಒಳ್ಳೆಯವು ಸಿಗುತ್ತವೆ ಎಂದು ಅವರೇ ಹೇಳಿದರು.

ಅವ್ವನನ್ನು ಜೊತೆಗೆ ಕರೆದುಕೊಂಡೇ ಬಸವಕಲ್ಯಾಣದ ಬಸ್ಸು ಹತ್ತಿದೆ. ಪಾತ್ರೆ ಅಂಗಡಿಯವ ಸಾಲಾಗಿ ಬಂಬಗಳನ್ನು ನಿಲ್ಲಿಸಿದ್ದ. ಪೂರಾ ತಾಮ್ರದ್ದು ಒಂದು, ಥಳಥಳ ಹೊಳೆಯುತ್ತಿತ್ತು. ತೆಳ್ಳನೆಯ ಸ್ಟೀಲಿನವು ಎರಡೋ ಮೂರೋ. ಮೂಲೆಯಲ್ಲಿ ಹೊರಗೆ ಕಬ್ಬಿಣ, ಒಳಗೆ ತಾಮ್ರದ ದಪ್ಪ ಹೊಟ್ಟೆಯ ಒಂದು ಕುರೂಪಿ. "ಬರ್ರಿ ಅಕ್ಕಾರ" ಎಂದು ಅವ ಶುರುಮಾಡಿದ. "ಏನರ ಹಾಕ್ರಿ, ಉರಿತದ. ಕಟ್ಟಿಗಿ ಹಾಕ್ರಿ, ಸಗಣಿ ಕುಳ್ಳು ಹಾಕ್ರಿ, ಮೆಕ್ಕೆಜೋಳದ ಬೆಂಡು ಹಾಕ್ರಿ, ತೆಂಗಿನ ಚಿಪ್ಪು ಹಾಕ್ರಿ. ಇದು ಇಲ್ಲ ಅನ್ನಂಗೇ ಇಲ್ರಿ."

ನನಗೆ ತಾಮ್ರದ್ದರ ಮೇಲೆ ಮನಸ್ಸು ಕೂತಿತ್ತು, ಸುಳ್ಳು ಯಾಕೆ ಹೇಳಲಿ. "ಯಾವುದು ತಗೊಳ್ಳಲವ್ವಾ?" ಎಂದರೆ ಅವಳು ಸ್ಟೂಲಿನ ಮೇಲೆ ಕೂತು ರಸ್ತೆ ನೋಡುತ್ತ, "ನಿಮ್ಮ ಮನಿ, ನಿಮ್ಮ ಮರ್ಜಿ. ನಂದೇನದ?" ಎಂದಳು. ಅಂಗಡಿಯಲ್ಲಿ ಜನ ಇದ್ದರು, ಇಲ್ಲದಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದೆ. ಹಲ್ಲು ಕಚ್ಚಿಕೊಂಡು ಹೇಳಿದೆ: "ನಿನ್ನ ಹೊಲದ ತೊಗರಿ ಕಟಗಿ ಹಾಕೂದದ ಇದಕ್ಕ. ಹಿಡಿತಾವೋ ಇಲ್ಲೋ ನೀನೇ ನೋಡು ಬಾ."

ಅವ್ವ ಎದ್ದು ಬಂದಳು. ತಾಮ್ರದ್ದರ ಬೆಂಕಿಬಾಯಿಗೆ ಕೈ ಹಾಕಿದಳು, ಮೊಣಕೈ ತನಕ ಹೋಗಲಿಲ್ಲ. "ಇದರ ಬಾಯಿ ಸಣ್ಣದು. ಕಟಗಿ ಮುರಿದು ಮುರಿದು ಕೈ ಬಿದ್ದು ಹೋಗ್ತಾವ" ಎಂದಳು. ಸ್ಟೀಲಿನದನ್ನು ಬೆರಳಿನಿಂದ ಬಾರಿಸಿ ಮೂತಿ ತಿರುವಿದಳು. ಮೂಲೆಯ ಕುರೂಪಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಾಯಿ ತೆಗೆದು, ಬೂದಿ ಬೀಳುವ ತಟ್ಟೆ ಎಳೆದು, ಒಳಗೆ ಬಗ್ಗಿ ನೋಡಿದಳು. "ಇದು ಬರೋಬರ್ ಅದ" ಎಂದಳು. ಚೆಂದವಿಲ್ಲ ಎಂದು ನಾನು ಗೊಣಗಿದೆ. "ಚೆಂದ ತಗೊಂಡು ಏನ್ ಮಾಡ್ತಿ? ಮಸಿ ಹಿಡಿಯೂದೇ ಅದ" ಎಂದಳು. ದವಾಖಾನೆಯಿಂದ ಬಂದ ಮೇಲೆ ಅವಳು ತಾನಾಗಿ ಒಂದು ವಸ್ತುವನ್ನು ಬೇಕೆಂದದ್ದು ಅದೇ ಮೊದಲು. ನಾನು ತಕರಾರು ಮಾಡಲಿಲ್ಲ.

ಹಿತ್ತಲಲ್ಲಿ ಬಚ್ಚಲ ಗೋಡೆಗೆ ಅಂಟಿಕೊಂಡು ಬಂಬ ಕೂತಿತು. ಇವರೇ ಹೊಗೆಕೊಳವೆಯನ್ನು ಗೋಡೆಗಿಂತ ಎತ್ತರಕ್ಕೆ ಏರಿಸಿ ತಂತಿ ಬಿಗಿದರು. ಮುಡಬಿಯಿಂದ ಟೆಂಪೋದಲ್ಲಿ ತೊಗರಿ ಕಟ್ಟಿಗೆ ಬಂತು. ಮೊದಲ ದಿನ ನಾನೇ ಹೊತ್ತಿಸಲು ಹೋಗಿ ಬಾಯಿ ತುಂಬ ಕಟ್ಟಿಗೆ ತುರುಕಿದೆ. ಹೊಗೆಯೆಲ್ಲ ಮನೆಯೊಳಗೇ ಬಂತು, ಇವರು ಕೆಮ್ಮುತ್ತ ಬೀದಿಗೆ ಓಡಿದರು. ಮರುದಿನ ಅವ್ವನೇ ಎದ್ದಳು. ಕೆಳಗೆ ಸಣ್ಣ ಕಡ್ಡಿ, ಮೇಲೆ ಗಾಳಿ ಆಡುವಂತೆ ದಪ್ಪನವು, ಕೊನೆಗೆ ಕೆಂಡ ಉಳಿಯಲೆಂದು ಒಂದು ಕುಳ್ಳು. ನಾನು ಚಹಾಕ್ಕೆ ಇಡುವಷ್ಟರಲ್ಲಿ ನೀರು ಕಾದಿತ್ತು. ಅವ್ವ ಬಚ್ಚಲಿನಿಂದ ಹೊರಬಂದಾಗ ಅವಳ ಬೆನ್ನಿನಿಂದ ಹಬೆ ಏಳುತ್ತಿತ್ತು. ನಾನು ಹೋಗಿ ಆ ಬೆನ್ನಿಗೆ ಕೆನ್ನೆ ಇಟ್ಟೆ. "ಏ ಸರಿ, ಹುಚ್ಚಿ" ಎಂದು ತಳ್ಳಿದಳು.

ಆ ಚಳಿಗಾಲ ಅವಳ ಕೆಮ್ಮು ಇಳಿಯಿತು. ಗೀಸರನ್ನು ನಾವು ಮರೆತೇಬಿಟ್ಟೆವು, ಇಡೀ ಮನೆ ಅವ್ವನ ಕಟ್ಟಿಗೆಯಲ್ಲಿ ಮೈ ತೊಳೆಯಿತು. ಅಳಿಯ ಬಚ್ಚಲಿಗೆ ಹೋದರೆ ಅವಳ ಮುಖದಲ್ಲಿ ಒಂದು ಸಮಾಧಾನ ಕಾಣುತ್ತಿತ್ತು. ಕೊಡುವ ಕೈ ಆಗಿದ್ದಳಲ್ಲ, ಅದಕ್ಕೆ. ಆದರೂ ಸೆರಗು ತಲೆಯಿಂದ ಇಳಿಯಲಿಲ್ಲ. ವಾರಕ್ಕೊಮ್ಮೆ "ನಾಡಿದ್ದ ಹೋಗ್ತೀನಿ" ಅನ್ನುವುದು ನಿಲ್ಲಲಿಲ್ಲ. ನಾನು ಯೋಚಿಸುತ್ತಿದ್ದೆ: ಹೆತ್ತ ಮಗಳ ಮನೆಯಲ್ಲಿ ಒಂದು ಬಕೆಟ್ ಬಿಸಿನೀರಿಗೆ ಇಷ್ಟು ಹಿಂಜರಿಯುವುದನ್ನು ಅವಳಿಗೆ ಕಲಿಸಿದವರು ಯಾರು? ಅವಳ ಅವ್ವ ಇರಬೇಕು. ನನಗೂ ಒಬ್ಬಳು ಮಗಳಿದ್ದಾಳೆ, ಕಲಬುರಗಿಯಲ್ಲಿ ಓದುತ್ತಾಳೆ. ನಾಳೆ ಅವಳ ಮನೆಯಲ್ಲಿ ನಾನು ಹೇಗಿರುತ್ತೇನೋ, ಹೇಳಲಾರೆ.

ಮಳೆ ಹಿಡಿಯುವ ಹೊತ್ತಿಗೆ ಒಟ್ಟಲು ತಳ ಕಂಡಿತು. ಹೊಸ ತೊಗರಿ ಕಟ್ಟಿಗೆ ಬರಬೇಕಾದರೆ ಮತ್ತೆ ಚಳಿಗಾಲವೇ ಬರಬೇಕು. ಒಂದು ಸಂಜೆ ಅವ್ವ ಉಳಿದ ಕಟ್ಟಿಗೆಯನ್ನು ತಾಡಪತ್ರಿಯ ಕೆಳಗೆ ಸರಿಸಿ ಬಂದು ನನ್ನ ಹತ್ತಿರ ಕೂತಳು. "ಕಟಗಿ ಮುಗಿಯಾಕ ಬಂದಾವ. ಈ ಸಲ ಖರೇನೇ ಹೋಗ್ತೀನಿ" ಎಂದಳು. ಆ ಧ್ವನಿ ಬೇರೆಯೇ ಇತ್ತು. ಮಳೆಗಾಲದಲ್ಲಿ ಆ ಸೋರುವ ಮನೆ, ಆ ತಣ್ಣೀರು, ಆ ಎದೆ. ಒಳಗಿದ್ದ ಇವರು ಕೇಳಿಸಿಕೊಂಡು, "ಒಂದು ಗಾಡಿ ಕಟ್ಟಿಗಿ ನಾ ತರಸ್ತೀನಿ ಅಂತ ಹೇಳು" ಎಂದರು.

"ಬ್ಯಾಡಂತ ಹೇಳು" ಎಂದಳು ಅವ್ವ.

"ಯಾಕ ಬ್ಯಾಡ? ನಾ ನಿನ್ನ ಮಗಳಲ್ಲೇನು?"

"ಮಗಳೇ, ಖರೆ. ಆದ್ರ ಇದು ಅವರ ಮನಿ."

ಅಷ್ಟು ದಿನ ತಡೆದದ್ದು ಆ ಸಂಜೆ ಬಾಯಿಗೆ ಬಂದಂತೆ ಹೊರಬಿತ್ತು. ಹೋಗು, ಸಾಯಿ, ನನಗೇನು ಎಂದೂ ಅಂದೆ. ಅವ್ವ ಊಟ ಮಾಡದೆ ಮಲಗಿದಳು.

ಮರುದಿನ ಬೆಳಿಗ್ಗೆ ನನಗೆ ಎಚ್ಚರವಾದದ್ದು ನಾತಕ್ಕೆ. ಸುಟ್ಟ ಪ್ಲಾಸ್ಟಿಕ್ಕಿನ ನಾತ. ಹಿತ್ತಲ ಬಾಗಿಲಿಗೆ ಓಡಿದರೆ ಬಂಬದ ಕೊಳವೆಯಿಂದ ಕಪ್ಪು ಹೊಗೆ ಸುತ್ತಿ ಸುತ್ತಿ ಏಳುತ್ತಿದೆ. ಬಂಬದ ಮುಂದೆ ನಮ್ಮ ಮನೆಯವರು ಕೂತಿದ್ದಾರೆ. ಅವ್ವನ ಕಟ್ಟಿಗೆ ಇನ್ನಷ್ಟು ದಿನ ಬಾಳಲಿ, ಅವಳು ಇನ್ನಷ್ಟು ದಿನ ಇರಲಿ ಎಂದು ಆ ಮಹಾನುಭಾವರು ಎಲ್ಲರಿಗಿಂತ ಮೊದಲೇ ಎದ್ದು, ಅಂಗಡಿಯಲ್ಲಿ ಮಿಕ್ಸರು ಫ್ಯಾನು ಕಟ್ಟಿ ಬಂದಿದ್ದ ಥರ್ಮೋಕೋಲು, ಪ್ಲಾಸ್ಟಿಕ್ ಹಾಳೆ, ರಟ್ಟು ಎಲ್ಲ ತಂದು ಬಂಬಕ್ಕೆ ತುರುಕುತ್ತಿದ್ದರು. ಏನು ಹಾಕಿದರೂ ಉರಿಯುತ್ತದೆ ಎಂಬ ಅಂಗಡಿಯವನ ಮಾತನ್ನು ಬಂಬ ತಂದ ದಿನ ನಾನೇ ಇವರಿಗೆ ಹೇಳಿದ್ದೆನಲ್ಲ!

ನಾನು ಬಾಯಿ ತೆರೆಯುವ ಮೊದಲೇ ಅವ್ವ ನನ್ನನ್ನು ದಾಟಿ ಹೋದಳು. ಸೆರಗು ಹೆಗಲಿನಿಂದ ಜಾರಿ ನೆಲಕ್ಕೆ ಎಳೆಯುತ್ತಿತ್ತು, ಕೂದಲು ಬಿಚ್ಚಿತ್ತು.

"ಏ! ತಲಿ ಕೆಟ್ಟದೇನೋ ನಿಂದು? ಬಂಬದ ಹೊಟ್ಟ್ಯಾಗ ಇಂಥದು ತುಂಬ್ತಾರೇನು? ಕೊಳವಿ ಕಟ್ಟಿ ಕುಂದರ್ತದ! ಈ ಹೊಗಿ ಕುಡಿದು ನೀ ಹಾಸಿಗಿ ಹಿಡಿದ್ರ ನನ್ನ ಮಗಳ ಗತಿ ಏನು? ಏಳು! ಸರಿ ಅತ್ತಾಗ!" ಎಂದು ಕೈಯಲ್ಲಿದ್ದ ಚಿಮಟಾ ನೆಲಕ್ಕೆ ಬಡಿದಳು. ಇವರು ಧಡಪಡಿಸಿ ಎದ್ದರು. ಅವಳು ಉರಿಯುತ್ತಿದ್ದುದನ್ನೆಲ್ಲ ಹೊರಗೆಳೆದು ಬೂದಿ ಸುರಿದು ಆರಿಸಿದಳು, ಒಂದು ಕಡೆ ಬೈಗುಳ ನಡೆದೇ ಇತ್ತು.

"ತಪ್ಪಾಯ್ತು ಅತ್ತಿ" ಎಂದರು ಇವರು. ಮುಖವೆಲ್ಲ ಮಸಿ, ಮೀಸೆಗೂ ಮಸಿ.

ಅವ್ವ ಹಾಗೇ ನಿಂತಳು. ಏನು ಮಾಡಿದೆ ಎಂದು ಆಗ ತಿಳಿಯಿತು ಅವಳಿಗೆ. ಕೈ ಸೆರಗಿಗೆ ಹೋಯಿತು. ಮುಗಿಯಿತು, ನಾಚಿಕೆಗೆ ಇವತ್ತೇ ಬಸ್ಸು ಹತ್ತುತ್ತಾಳೆ ಎಂದುಕೊಂಡೆ. ಅವ್ವ ಸೆರಗು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ನೇರ ಅಳಿಯನ ಮುಖ ನೋಡಿದಳು. "ಹೋಗು, ಮಾರಿ ತೊಳ್ಕೋ ಮೊದಲ. ಇವತ್ತ ಒಂದ ಗಾಡಿ ಕಟಗಿ ತರಸು. ಒಣಾ ಇದ್ದದ್ದ ನೋಡಿ ತಾ, ಹಸಿದು ತಂದ್ರ ನೋಡು ಮತ್ತ" ಎಂದಳು. ಮಧ್ಯದಲ್ಲಿ ನಾನಿರಲಿಲ್ಲ.

ಮಧ್ಯಾಹ್ನವೇ ಕಟ್ಟಿಗೆ ಬಂತು. ಅವ್ವ ಒಂದೊಂದನ್ನೇ ಎತ್ತಿ ನೋಡಿ ಅರ್ಧದಷ್ಟನ್ನು ಬೇರೆ ಇಟ್ಟಳು. "ಇವು ಹಸಿ ಅದಾವ. ನಿನ್ನ ಮಾರಿ ನೋಡೇ ಮೋಸ ಮಾಡ್ಯಾನ ಅವ. ಹೊಳ್ಳಿ ಒಯ್ದು ಬದಲಿ ತಾ" ಎಂದಳು. ನನ್ನ ಎದುರು ಒಂದಕ್ಕೆ ನಾಲ್ಕು ಮಾತಾಡುವ ಮನುಷ್ಯ, ಪಿಟ್ಟೆನ್ನದೆ ಅವನ್ನು ಹೇರಿಕೊಂಡು ಹೋದರು.

ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಅಷ್ಟು ಸುಖದ ಅಳು ನನಗೆ ಬಹಳ ವರ್ಷ ಬಂದಿರಲಿಲ್ಲ. ಹೊರಗೆ ತಗಡಿನ ಮೇಲೆ ಹನಿ ಬೀಳುವ ಸದ್ದಾಯಿತು, ಹಿಂದೆಯೇ ಬಾಗಿಲು ದಬದಬ ಬಡಿದ ಸದ್ದು.

"ಎಷ್ಟೊತ್ತ ಕುಂದರ್ತಿ ಒಳಗ? ಮಳಿ ಬಂತು, ನನ್ನ ಕಟಗಿ ಎಲ್ಲಾ ತೊಯ್ಯಾಕತ್ತಾವ, ಜಲ್ದಿ ಬಾ!"

ಅಳಿಯನ ರೊಕ್ಕದ ಕಟ್ಟಿಗೆ ಅದು. ನಾನು ಕಣ್ಣೊರೆಸಿಕೊಂಡು ಹಿತ್ತಲಿಗೆ ಓಡಿದೆ.